ಹತ್ತು ಸ್ಪೀಡಿನ ಶಿಫ್ಟರ್, ಏಳು ಸ್ಪೀಡಿನ ಸೈಕಲ್: ಹಳೆ ರೋಡ್ ಬೈಕೊಂದರ ಪ್ರಕರಣ ಅಧ್ಯಯನ

ಸೈಕಲ್ 1980ರ ದಶಕದ ಕೊನೆಯದು. ಕ್ರೋಮೋಲಿ ಸ್ಟೀಲ್ ಫ್ರೇಮು, 700ಸಿ ಚಕ್ರಗಳು, ಶಿಮಾನೊ 105 ಬಿಡಿಭಾಗಗಳು. ಗೇರ್ ಬದಲಿಸುವ ಎರಡು ಪುಟ್ಟ ಲಿವರುಗಳು ಡೌನ್‌ಟ್ಯೂಬಿನ (ಹ್ಯಾಂಡಲಿನ ಕಡೆಯಿಂದ ಪೆಡಲಿನ ಕಡೆಗೆ ಇಳಿಯುವ ಕೊಳವೆ) ಮೇಲೆ. ಮುಂದೆ 52 ಮತ್ತು 42 ಹಲ್ಲಿನ ಎರಡು ರಿಂಗು, ಹಿಂದೆ 13ರಿಂದ 24 ಹಲ್ಲಿನವರೆಗಿನ 7 ಸ್ಪೀಡ್ ಕ್ಯಾಸೆಟ್, ಅಂದರೆ ಏಳು ಹಲ್ಲುಚಕ್ರಗಳ ಗುಚ್ಛ. ಹೊರದೇಶದಲ್ಲಿ ಕೊಂಡು ಬೆಂಗಳೂರಿಗೆ ತಂದದ್ದು. ಫ್ರೇಮಿಗೆ ತುಕ್ಕಿಲ್ಲ, ಬಿರುಕಿಲ್ಲ.

ಮಾಲೀಕರ ಬೇಡಿಕೆ ಎರಡೇ. ಹ್ಯಾಂಡಲಿನಿಂದ ಕೈ ತೆಗೆಯದೆ ಗೇರ್ ಬದಲಿಸಬೇಕು. ನಂದಿ ಬೆಟ್ಟದ ಏರಿನಲ್ಲಿ ಮೊಣಕಾಲು ಉಳಿಯಬೇಕು. ಎರಡನೆಯದು ಸುಮ್ಮನೆ ಹೇಳಿದ ಮಾತಲ್ಲ. 42/24ರಲ್ಲಿ, ಅಂದರೆ ಮುಂದೆ 42, ಹಿಂದೆ 24 ಹಲ್ಲಿನಲ್ಲಿ, ಪೆಡಲ್ ಒಂದು ಸುತ್ತು ಹಾಕಿದರೆ ಸೈಕಲ್ ಸುಮಾರು 3.7 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತಿನ ಲಯ ಉಳಿಸಿಕೊಳ್ಳಬೇಕೆಂದರೆ ಗಂಟೆಗೆ 13 ಕಿ.ಮೀ. ವೇಗದಲ್ಲಿ ಬೆಟ್ಟ ಹತ್ತಬೇಕು. ಅಷ್ಟು ಬಲ ಎಲ್ಲರ ಕಾಲಲ್ಲಿ ಇರುವುದಿಲ್ಲ. ಅದೇ 34/32 ಇದ್ದರೆ ಒಂದು ಸುತ್ತಿಗೆ 2.2 ಮೀಟರ್, 60 ಸುತ್ತಿಗೆ ಗಂಟೆಗೆ 8 ಕಿ.ಮೀ. ಸಾಕು.

ನಮ್ಮ ಮುಂದೆ ಬರುವ ಹೊತ್ತಿಗೆ ಅರ್ಧ ಕೆಲಸ ಆಗಿತ್ತು, ಅದೂ ತಪ್ಪು ತುದಿಯಿಂದ. ಮಾಲೀಕರು ಶಿಮಾನೊದ ಹೊಸ ಟಿಯಾಗ್ರಾ 4700 ಶಿಫ್ಟರ್ (ಗೇರ್ ಬದಲಿಸುವ ಲಿವರ್) ಜೋಡಿ ಕೊಂಡಿದ್ದರು: 10 ಸ್ಪೀಡು, ಬ್ರೇಕ್ ಲಿವರಿನೊಳಗೇ ಗೇರ್. ಮೊದಲು ಅದನ್ನು ಹಳೆಯ 7 ಸ್ಪೀಡ್ ಕ್ಯಾಸೆಟ್ಟು, ಹಳೆಯ ಹಿಂದಿನ ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಜೊತೆಗೆ ಜೋಡಿಸಿದರು. ಚಿಕ್ಕ ಹಲ್ಲುಚಕ್ರಗಳಲ್ಲಿ ಗೇರ್ ಸರಿಯಾಗಿ ಬಿತ್ತು. ಒಳಗೆ ಹೋದಂತೆ ಸದ್ದು. ಕೊನೆಯ ದೊಡ್ಡ ಚಕ್ರಕ್ಕೆ ಚೈನು ಹತ್ತಲೇ ಒಲ್ಲದು. "ಶಿಫ್ಟರ್ ಹತ್ತು ಸ್ಪೀಡಿನದು, ಕ್ಯಾಸೆಟ್ಟೂ ಹತ್ತು ಸ್ಪೀಡಿನದೇ ಹಾಕಿ" ಎಂದು ಅಂಗಡಿಯಲ್ಲಿ ಸಲಹೆ ಸಿಕ್ಕಿತು. ಹೊಸ ಹಿಂದಿನ ಚಕ್ರ, 11–32ರ 10 ಸ್ಪೀಡ್ ಕ್ಯಾಸೆಟ್ಟು, ಹೊಸ ಚೈನು ಬಂದವು. ಸ್ಥಿತಿ ಇನ್ನೂ ಕೆಟ್ಟಿತು. ಮೂರನೆಯ ಕ್ಲಿಕ್ಕಿಗೆ ಚೈನು ಒಂದು ಚಕ್ರ ಹಾರಿ ಮುಂದಿನದಕ್ಕೆ ಹೋಗುತ್ತಿತ್ತು. ಏಳನೆಯ ಕ್ಲಿಕ್ಕು ದಾಟುತ್ತಿದ್ದಂತೆ ಡಿರೇಲರ್ ತನ್ನ ಚಲನೆಗೆ ಮಿತಿ ಹಾಕುವ ಒಳಗಿನ ಲಿಮಿಟ್ ಸ್ಕ್ರೂಗೆ ತಾಗಿ ಲಿವರ್ ಬಿಗಿಯಾಗಿ ನಿಂತುಬಿಡುತ್ತಿತ್ತು. ಅಷ್ಟಾದರೂ ಲಿವರಿನಲ್ಲಿ ಇನ್ನೂ ಕ್ಲಿಕ್ಕು ಬಾಕಿ.

ಸ್ಪೀಡಿನ ಲೆಕ್ಕವಲ್ಲ, ಎಳೆತದ ಲೆಕ್ಕ

ಶಿಫ್ಟರ್ ಒಂದು ಕ್ಲಿಕ್ಕಿಗೆ ಇಷ್ಟು ಮಿ.ಮೀ. ಕೇಬಲ್ ಎಳೆಯುತ್ತದೆ. ಡಿರೇಲರ್ ಆ ಎಳೆತವನ್ನು ಒಂದು ಅನುಪಾತದಲ್ಲಿ ಹಿಗ್ಗಿಸಿ ಅಡ್ಡಡ್ಡ ಸರಿಯುತ್ತದೆ. ಎರಡನ್ನೂ ಗುಣಿಸಿದಾಗ ಬರುವ ಅಂಕೆ ಕ್ಯಾಸೆಟ್ಟಿನಲ್ಲಿ ಒಂದು ಹಲ್ಲುಚಕ್ರದ ನಡುವಿನಿಂದ ಮುಂದಿನದರ ನಡುವಿಗಿರುವ ಅಂತರಕ್ಕೆ ಸಮನಾಗಬೇಕು. ಇಂಡೆಕ್ಸ್ ಗೇರಿನ, ಅಂದರೆ ಒಂದು ಕ್ಲಿಕ್ಕಿಗೆ ಒಂದು ಗೇರ್ ಬದಲಾಗುವ ವ್ಯವಸ್ಥೆಯ, ಹೊಂದಾಣಿಕೆ ನಿಂತಿರುವುದು ಈ ಒಂದು ಗುಣಾಕಾರದ ಮೇಲೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಸ್ಪೀಡಿನ ಸಂಖ್ಯೆ ಇದರಲ್ಲಿ ನೇರವಾಗಿ ಎಲ್ಲಿಯೂ ಬರುವುದಿಲ್ಲ.

ಶಿಮಾನೊ ರೋಡ್ ಭಾಗಗಳಲ್ಲಿ ಹಲ್ಲುಚಕ್ರಗಳ ಅಂತರ 7 ಸ್ಪೀಡಿಗೆ 5.0 ಮಿ.ಮೀ., 8ಕ್ಕೆ 4.8, 9ಕ್ಕೆ 4.35, 10ಕ್ಕೆ 3.95, 11ಕ್ಕೆ ಸುಮಾರು 3.7. ಹಳೆಯ ರೋಡ್ ಡಿರೇಲರುಗಳ ಅನುಪಾತ 1.7. ಏಳು ಸ್ಪೀಡಿನ ಕಾಲದಿಂದ ಟಿಯಾಗ್ರಾ 4600, 105ರ 5700, ಅಲ್ಟೆಗ್ರಾ 6700ರವರೆಗೆ ಇದು ಬದಲಾಗಲಿಲ್ಲ. ಆ ಅವಧಿಯಲ್ಲಿ ಬದಲಾದದ್ದು ಶಿಫ್ಟರಿನ ಎಳೆತ: 8 ಸ್ಪೀಡಿಗೆ 2.8 ಮಿ.ಮೀ., 9ಕ್ಕೆ 2.5, 10ಕ್ಕೆ 2.3. ಹಾಗಾಗಿ 1989ರ ಡಿರೇಲರೊಂದು 2010ರ 10 ಸ್ಪೀಡ್ ಶಿಫ್ಟರ್ ಮಾತು ಕೇಳುತ್ತದೆ; 2.3ನ್ನು 1.7ರಿಂದ ಗುಣಿಸಿದರೆ 3.91. ಇದಕ್ಕೆ ದೊಡ್ಡ ಅಪವಾದ ಒಂದೇ, ಡ್ಯುರಾ-ಏಸ್ 7400 ಸರಣಿ. 1984ರಲ್ಲಿ ಶಿಮಾನೊದ ಎಸ್‌ಐಎಸ್ ಎಂಬ ಇಂಡೆಕ್ಸ್ ಗೇರನ್ನು ಮಾರುಕಟ್ಟೆಗೆ ತಂದದ್ದೇ ಆ ಸರಣಿ, ಆದರೆ ಅದರ ಅನುಪಾತ ಬೇರೆ. ಹಳೆ ಸೈಕಲ್ ದುಬಾರಿಯದಾದಷ್ಟೂ ಈ ಬಲೆಗೆ ಬೀಳುವ ಸಂಭವ ಹೆಚ್ಚು.

11 ಸ್ಪೀಡಿನ ರೋಡ್ ಭಾಗಗಳಲ್ಲಿ ಶಿಮಾನೊ ಅನುಪಾತವನ್ನು 1.4ಕ್ಕೆ ಇಳಿಸಿ ಎಳೆತವನ್ನು 2.7ಕ್ಕೆ ಏರಿಸಿತು. ಕೇಬಲ್ ಹೆಚ್ಚು ಎಳೆದರೆ ಕೊಳೆ, ಘರ್ಷಣೆಗಳಿಂದಾಗುವ ಸಣ್ಣ ತಪ್ಪು ಅಷ್ಟಾಗಿ ಕಾಡುವುದಿಲ್ಲ. ಟಿಯಾಗ್ರಾ 4700 ಬಂದಾಗ ಸ್ಪೀಡು ಹತ್ತೇ ಉಳಿಯಿತು, ಅನುಪಾತ ಮಾತ್ರ ಹೊಸದು: 1.4. ಎಳೆತ ಸುಮಾರು 2.8. ಹೆಸರಿನಲ್ಲಿ 10 ಸ್ಪೀಡು, ವಂಶದಲ್ಲಿ 11 ಸ್ಪೀಡು. ಹಿಂದಿನ 4600 ಮತ್ತು ಈ 4700 ಎರಡೂ "ಟಿಯಾಗ್ರಾ 10 ಸ್ಪೀಡ್" ಎಂದೇ ಮಾರಾಟವಾದದ್ದರಿಂದ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಈ ಗೊಂದಲ ಇವತ್ತಿಗೂ ಮುಗಿದಿಲ್ಲ.

ಈಗ ರೋಗಲಕ್ಷಣಗಳಿಗೆ ಬರೋಣ. 2.8 ಎಳೆತ, 1.7ರ ಹಳೆ ಡಿರೇಲರ್: ಕ್ಲಿಕ್ಕಿಗೆ 4.76 ಮಿ.ಮೀ. ಚಲನೆ.

ಏಳು ಸ್ಪೀಡಿನ ಕ್ಯಾಸೆಟ್ಟಿಗೆ ಬೇಕಾದದ್ದು 5.0. ಪ್ರತಿ ಕ್ಲಿಕ್ಕಿಗೆ 0.24 ಕಡಿಮೆ. ಮೊದಲೆರಡು ಕ್ಲಿಕ್ಕಿನಲ್ಲಿ ಗೊತ್ತಾಗುವುದಿಲ್ಲ. ಆರನೆಯದರ ಹೊತ್ತಿಗೆ ಕೊರತೆ 1.44 ಮಿ.ಮೀ. ಆಗಿರುತ್ತದೆ, ಡಿರೇಲರ್ ದೊಡ್ಡ ಚಕ್ರದ ಅಡಿಗೆ ಬಂದಿರುವುದೇ ಇಲ್ಲ. ಚೈನು ಹತ್ತದಿದ್ದುದು ಇದಕ್ಕೇ. ಹತ್ತು ಸ್ಪೀಡಿನ ಕ್ಯಾಸೆಟ್ಟಿಗೆ ಬೇಕಾದದ್ದು 3.95. ಕ್ಲಿಕ್ಕಿಗೆ 0.81 ಹೆಚ್ಚು. ಮೂರನೆಯ ಕ್ಲಿಕ್ಕಿಗೆ 2.4 ಮಿ.ಮೀ. ಮುಂದೆ, ಅಂದರೆ ಅರ್ಧ ಅಂತರಕ್ಕಿಂತ ಹೆಚ್ಚು, ಚೈನು ಹಾರಲೇಬೇಕು. ಕ್ಯಾಸೆಟ್ಟಿನ ಮೊದಲ ಚಕ್ರದಿಂದ ಕೊನೆಯದಕ್ಕೆ 9 ಅಂತರ, ಒಟ್ಟು 35.6 ಮಿ.ಮೀ.; ಅದನ್ನು 4.76ರಿಂದ ಭಾಗಿಸಿದರೆ ಏಳೂವರೆ. ಲಿವರ್ ಏಳನೆಯ ಕ್ಲಿಕ್ಕಿನ ನಂತರ ನಿಂತದ್ದು ಯಾಕೆಂದು ಬೇರೆ ಹೇಳಬೇಕಿಲ್ಲ.

ಇಂಥ ಹೊಂದದ ಜೋಡಿಯನ್ನು ಲೆಕ್ಕ ಹಾಕದೆಯೂ ಗುರುತಿಸಬಹುದು. ಕೇಬಲ್ಲಿನ ಬಿಗಿ ಹೊಂದಿಸುವ ಬ್ಯಾರಲ್ ಅಡ್ಜಸ್ಟರ್ ತಿರುಗಿಸಿ ಒಂದು ತುದಿ ಸರಿಮಾಡಿದಾಗ ಇನ್ನೊಂದು ತುದಿ ಕೆಡುತ್ತದೆ, ನಡುವೆ ಸರಿಮಾಡಿದರೆ ಎರಡೂ ತುದಿ ಅಷ್ಟಷ್ಟು ಕೆಡುತ್ತವೆ. ತಪ್ಪು ಕಳೆಯುವುದಿಲ್ಲ, ಜಾಗ ಬದಲಿಸುತ್ತದೆ. ಕೇಬಲ್ ಘರ್ಷಣೆಯಿಂದ ತಡೆದು ಓಡುತ್ತಿದ್ದರೆ ಲಕ್ಷಣವೇ ಬೇರೆ: ದೊಡ್ಡ ಚಕ್ರದ ಕಡೆ ಸರಿಯಾಗಿ ಹತ್ತುತ್ತದೆ, ಇಳಿಯುವಾಗ ತಡವಾಗುತ್ತದೆ. ಡಿರೇಲರ್ ತೂಗುವ ಲೋಹದ ಕಿವಿ, ಅಂದರೆ ಹ್ಯಾಂಗರ್, ಬಾಗಿದ್ದರೆ ಎರಡು ತುದಿ ಸರಿಯಿದ್ದು ನಡುವಿನ ಕೆಲವು ಗೇರುಗಳಲ್ಲಿ ಸದ್ದು. ಈ ಮೂರನ್ನೂ ಬೇರ್ಪಡಿಸದೆ ಅಡ್ಜಸ್ಟರ್ ತಿರುಗಿಸುತ್ತ ಕೂತರೆ ಸಂಜೆಯಾಗುತ್ತದೆ, ಅಷ್ಟೇ.

ಗುರುತು ಸಿಗದ ಶಿಫ್ಟರ್ ಕೈಗೆ ಬಂದರೆ ಅಳೆದೇ ನೋಡಬಹುದು. ಕೇಬಲ್ ಹಾಕಿ ಸಣ್ಣ ತೂಕ ಕಟ್ಟಿ, ಕೇಬಲ್ಲಿನ ಮೇಲೊಂದು ಟೇಪು ಸುತ್ತಿ, ಮೊದಲ ಸ್ಥಾನದಿಂದ ಕೊನೆಯವರೆಗೆ ಕ್ಲಿಕ್ ಮಾಡಿ ಟೇಪು ಎಷ್ಟು ಸರಿಯಿತೆಂದು ಕ್ಯಾಲಿಪರ್ ಹಿಡಿದು ನೋಡಿ, ಕ್ಲಿಕ್ಕಿನ ಸಂಖ್ಯೆಯಿಂದ ಭಾಗಿಸಬೇಕು. ಒಂದೊಂದೇ ಕ್ಲಿಕ್ ಅಳೆದರೆ ಅಂಕೆ ನಂಬಲಾಗದು. 4700ರಲ್ಲಿ 9 ಕ್ಲಿಕ್ಕಿಗೆ ಸುಮಾರು 25 ಮಿ.ಮೀ. ಬರುತ್ತದೆ, ಹಳೆಯ 10 ಸ್ಪೀಡಿನಲ್ಲಿ 21ರ ಆಸುಪಾಸು. ಈ ಪ್ರಕರಣದಲ್ಲಿ ಲಿವರಿನ ಒಳಮೈಯಲ್ಲಿ ಎಸ್‌ಟಿ-4700 ಎಂದು ಅಚ್ಚಾಗಿತ್ತು, ಅಳೆಯುವ ಪ್ರಮೇಯ ಬರಲಿಲ್ಲ.

ಇದ್ದ ದಾರಿಗಳು

ಅತಿ ಅಗ್ಗದ್ದು ತಮಾಷೆಯಾಗಿದೆ. 4.76 ಎಂಬ ಅಂಕೆ 8 ಸ್ಪೀಡಿನ 4.8ಕ್ಕೆ ಕೂದಲೆಳೆಯಷ್ಟು ಹತ್ತಿರ. ಏಳು ಕ್ಲಿಕ್ಕಿನ ಕೊನೆಗೂ ವ್ಯತ್ಯಾಸ 0.28 ಮಿ.ಮೀ. ಅಂದರೆ ಹಳೆ ಡಿರೇಲರನ್ನು ಹಾಗೇ ಬಿಟ್ಟು 8 ಸ್ಪೀಡಿನ ಕ್ಯಾಸೆಟ್ಟು, ಚೈನು ಹಾಕಿದರೆ ಗೇರ್ ಬೀಳುತ್ತದೆ. ಲಿವರಿನಲ್ಲಿ ಎರಡು ಕ್ಲಿಕ್ ವ್ಯರ್ಥ, ತಯಾರಕರ ಒಪ್ಪಿಗೆಯಿಲ್ಲ, ಆದರೂ ಲೆಕ್ಕ ಸರಿ. ಸಮತಟ್ಟು ರಸ್ತೆಯಲ್ಲಿ ಓಡಿಸುವವರಿಗೆ ನಾವು ಇದನ್ನೇ ಹೇಳುತ್ತಿದ್ದೆವು. ಇಲ್ಲಿ ಬೆಟ್ಟದ ಬೇಡಿಕೆಯಿದೆ. ಕೇಜು (ಚೈನು ಹಾಯುವ ಎರಡು ಪುಲ್ಲಿಗಳ ತೋಳು) ಗಿಡ್ಡವಿರುವ ಆ ಕಾಲದ ರೋಡ್ ಡಿರೇಲರ್ 32 ಹಲ್ಲಿನ ಚಕ್ರದ ಕೆಳಗೆ ಹಿಡಿಸುವುದಿಲ್ಲ, ಅದರ ಮೇಲಿನ ಪುಲ್ಲಿ ಹಲ್ಲಿಗೇ ಉಜ್ಜುತ್ತದೆ.

ಎರಡನೆಯದು ಶಿಫ್ಟರ್ ಮಾರಿ ಶಿಮಾನೊದ 9 ಸ್ಪೀಡಿನ ಸೋರಾಕ್ಕೆ ಹೋಗುವುದು. ಸೋರಾ ಇನ್ನೂ 1.7ರ ಕುಟುಂಬದಲ್ಲಿದೆ, ಆದ್ದರಿಂದ 9 ಸ್ಪೀಡಿನ ಮೌಂಟನ್ ಬೈಕ್ ಡಿರೇಲರ್ ಕೂಡ ಹೊಂದುತ್ತದೆ. 34 ಹಲ್ಲಿನವರೆಗೂ ಚಿಂತೆಯಿಲ್ಲ. ಗಮನಿಸಿ, 9 ಸ್ಪೀಡಿನದು ಮಾತ್ರ. ಶಿಮಾನೊದ 10 ಸ್ಪೀಡಿನ ಮೌಂಟನ್ ಡಿರೇಲರ್ ಅನುಪಾತ 1.2, ಅದು ಯಾವ ರೋಡ್ ಶಿಫ್ಟರಿಗೂ ಕೂಡುವುದಿಲ್ಲ. ಶಿಫ್ಟರ್ ಇನ್ನೂ ಕೊಂಡಿರದಿದ್ದರೆ ನಮ್ಮ ಮೊದಲ ಆಯ್ಕೆ ಇದೇ ಆಗಿರುತ್ತಿತ್ತು. 9 ಸ್ಪೀಡಿನ ಚೈನು, ಕ್ಯಾಸೆಟ್ಟು ಸಣ್ಣ ಊರಿನಲ್ಲೂ ಸಿಗುತ್ತವೆ.

ಸೆಕೆಂಡ್‌ಹ್ಯಾಂಡ್ 4600 ಅಥವಾ 5700 ಲಿವರ್ ಹುಡುಕುವುದು ಮೂರನೆಯ ದಾರಿ. ಲೆಕ್ಕ ಕೂಡುತ್ತದೆ, ವಯಸ್ಸು ಕೂಡುವುದಿಲ್ಲ: ಒಳಗಿನ ಗ್ರೀಸು ಗಟ್ಟಿಯಾಗಿ ಕ್ಲಿಕ್ ಹಿಡಿಯದ ಲಿವರುಗಳೇ ಹೆಚ್ಚು. ಎಳೆತ ಬದಲಿಸುವ ಪುಟ್ಟ ಪುಲ್ಲಿಗಳೂ ಮಾರುಕಟ್ಟೆಯಲ್ಲಿವೆ, ಕೆಲಸವೂ ಮಾಡುತ್ತವೆ. ಕೆಸರು ಸೇರುವ ಇನ್ನೊಂದು ಜಾಗವೆಂದು ನಾವು ಅವನ್ನು ದೂರವಿಡುತ್ತೇವೆ.

ಇಲ್ಲಿ ಶಿಫ್ಟರ್, 130 ಮಿ.ಮೀ. ಚಕ್ರ, 11–32 ಕ್ಯಾಸೆಟ್ಟು ಮೂರಕ್ಕೂ ಹಣ ಹೋಗಿತ್ತು. ತಪ್ಪಿದ್ದ ಭಾಗ ಒಂದೇ, ಡಿರೇಲರ್. ಅದನ್ನು ಬದಲಿಸಿ ಉಳಿದದ್ದನ್ನು ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು: ಆರ್‌ಡಿ-4700, ಮಧ್ಯಮ ಉದ್ದದ ಕೇಜಿನ ಜಿಎಸ್. 34 ಹಲ್ಲಿನವರೆಗಿನ ಚಕ್ರಕ್ಕೆ ಅದು ತಯಾರಾದದ್ದು. ಅದು ಸ್ಟಾಕಿನಲ್ಲಿ ಇಲ್ಲದಿದ್ದರೆ ಇದೇ 1.4 ಅನುಪಾತದ 11 ಸ್ಪೀಡ್ ರೋಡ್ ಡಿರೇಲರ್, ಇಲ್ಲವೇ ಜಿಆರ್‌ಎಕ್ಸ್ 400 ಸರಣಿಯ 10 ಸ್ಪೀಡ್ ಡಿರೇಲರ್ ನಡೆಯುತ್ತದೆ.

ಫ್ರೇಮಿನ ಹಿಂಭಾಗ

ಭಾಗಗಳಿಗಿಂತ ಮೊದಲು ಫ್ರೇಮು. ಏಳು ಸ್ಪೀಡಿನ ಕಾಲದ ರೋಡ್ ಫ್ರೇಮುಗಳಲ್ಲಿ ಹಿಂದಿನ ಎರಡು ಡ್ರಾಪೌಟುಗಳ (ಚಕ್ರದ ಆಕ್ಸಲ್ ಕೂರುವ ಕಚ್ಚುಗಳು) ನಡುವೆ 126 ಮಿ.ಮೀ.; 8ರಿಂದ 11 ಸ್ಪೀಡಿನ ರಿಮ್ ಬ್ರೇಕ್ ಚಕ್ರಗಳಿಗೆ ಬೇಕಾದದ್ದು 130. ಅಂಗಡಿಯಲ್ಲಿ ಕೈಯಿಂದ ಎಳೆದು ಹಿಗ್ಗಿಸಿ ಚಕ್ರ ಕೂರಿಸಿದ್ದರು. ನಾಲ್ಕು ಮಿ.ಮೀ.ಗೆ ಸ್ಟೀಲ್ ಮಣಿಯುತ್ತದೆ, ಹಾಗೆಯೇ ವರ್ಷಗಟ್ಟಲೆ ಓಡಿಸುವವರೂ ಇದ್ದಾರೆ. ತೊಂದರೆ ಏನೆಂದರೆ ಡ್ರಾಪೌಟುಗಳು ಹೊರಮುಖವಾಗಿ ವಾಲುತ್ತವೆ, ಜೊತೆಗೆ ಡಿರೇಲರ್ ಹ್ಯಾಂಗರೂ ವಾಲುತ್ತದೆ, ಆಕ್ಸಲ್ ಮೇಲೆ ಓರೆ ಒತ್ತಡ ಬೀಳುತ್ತದೆ. ಏಳು ಸ್ಪೀಡಿನಲ್ಲಿ ಲೆಕ್ಕಕ್ಕೆ ಬಾರದ ವಾಲು 3.95 ಮಿ.ಮೀ. ಅಂತರದಲ್ಲಿ ಸದ್ದು ಮಾಡುತ್ತದೆ.

ಆದ್ದರಿಂದ ಫ್ರೇಮನ್ನು ಶಾಶ್ವತವಾಗಿ 130ಕ್ಕೆ ಬಗ್ಗಿಸಲಾಯಿತು. ಸ್ಟೀಲಿಗೆ ಮಾತ್ರ ಇದು ಸಲ್ಲುತ್ತದೆ. ಅಲ್ಯುಮಿನಿಯಂ, ಕಾರ್ಬನ್ ಫ್ರೇಮಿಗೆ ಎಂದೂ ಮಾಡಬಾರದು, ಬಿರುಕು ಬಿಡುತ್ತವೆ.

ಹಾರ್ಡ್‌ವೇರ್ ಅಂಗಡಿಯ 10 ಮಿ.ಮೀ. ಥ್ರೆಡ್ ರಾಡು, ಎರಡು ನಟ್ಟು, ದಪ್ಪ ವಾಷರುಗಳು ಸಾಕು. ನಟ್ಟುಗಳು ಡ್ರಾಪೌಟಿನ ಒಳಗಡೆ ಇರಲಿ. ಹೊರಕ್ಕೆ ತಿರುಗಿಸುತ್ತ ಹೋದರೆ ಎರಡೂ ಬದಿ ಹಿಗ್ಗುತ್ತವೆ. 130ಕ್ಕೆ ತಂದು ಬಿಟ್ಟರೆ ಫ್ರೇಮು ಮತ್ತೆ 126ಕ್ಕೇ ಮರಳುತ್ತದೆ. 136ಕ್ಕೆ ಒಯ್ದು ಬಿಟ್ಟು ಅಳೆಯಬೇಕು, ಆಮೇಲೆ 139, 141, ಹೀಗೆ ಪ್ರತಿ ಸಲ ಪೂರ್ತಿ ಸಡಿಲಿಸಿ ಅಳೆಯುತ್ತ ಮುಂದುವರಿಯಬೇಕು. ಆತುರಪಟ್ಟು ಹೆಚ್ಚು ಹಿಗ್ಗಿಸಿದರೆ ಹಿಂದಕ್ಕೆ ತರುವುದು ಇನ್ನೂ ಕಿರಿಕಿರಿ.

ರಾಡು ಎರಡೂ ಬದಿಯನ್ನು ಸಮನಾಗಿ ಸರಿಸುತ್ತದೆಂಬ ಖಾತರಿಯಿಲ್ಲ. ಮೆತ್ತಗಿನ ಬದಿ ಹೆಚ್ಚು ಸರಿಯುತ್ತದೆ. ಚೈನ್‌ರಿಂಗಿಗಾಗಿ ಚಪ್ಪಟೆ ಮಾಡಿದ ಬಲಗಡೆಯ ಚೈನ್‌ಸ್ಟೇ (ಪೆಡಲಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) ಬಹಳ ಸಲ ಹೀಗೆ ಮಾಡುತ್ತದೆ. ಪರೀಕ್ಷೆಗೆ ದಾರ: ಒಂದು ಡ್ರಾಪೌಟಿಗೆ ಕಟ್ಟಿ, ಹ್ಯಾಂಡಲಿನ ಕೆಳಗಿನ ಹೆಡ್‌ಟ್ಯೂಬ್ ಸುತ್ತಿಸಿ, ಇನ್ನೊಂದು ಡ್ರಾಪೌಟಿಗೆ ಬಿಗಿಯಾಗಿ ಕಟ್ಟಬೇಕು. ಸೀಟ್‌ಟ್ಯೂಬಿನಿಂದ ಎರಡೂ ಕಡೆಯ ದಾರಕ್ಕೆ ಅಂತರ ಸಮವಿರಬೇಕು, ಒಂದು ಮಿ.ಮೀ. ಒಳಗಿನ ವ್ಯತ್ಯಾಸ ಪರವಾಗಿಲ್ಲ. ಈ ಫ್ರೇಮಿನಲ್ಲಿ ಬಲಗಡೆ 2 ಮಿ.ಮೀ. ಹೆಚ್ಚು ಸರಿದಿತ್ತು. ಬಲಬದಿಯನ್ನು ಕೈಯಿಂದ ಒಳಕ್ಕೆ ಒತ್ತಿ, ಎಡಬದಿಯನ್ನು ಹೊರಕ್ಕೆಳೆದು ಸರಿಪಡಿಸಲಾಯಿತು. ಬ್ರೇಕ್ ಬ್ರಿಡ್ಜ್ ಮತ್ತು ಚೈನ್‌ಸ್ಟೇ ಬ್ರಿಡ್ಜಿನ ಬೆಸುಗೆಯಲ್ಲಿ ಬಣ್ಣ ಬಿರುಕು ಬಿಟ್ಟಿದೆಯೇ ಎಂದು ಟಾರ್ಚು ಹಿಡಿದು ನೋಡಿದ ಮೇಲೆ, ಡ್ರಾಪೌಟುಗಳನ್ನು ಸಮಾನಾಂತರಕ್ಕೆ ತಂದು, ಕೊನೆಗೆ ಹ್ಯಾಂಗರ್. ಹ್ಯಾಂಗರ್ ಅಳೆಯುವ ಉಪಕರಣ ಡಿರೇಲರ್ ಕೂರುವ ರಂಧ್ರಕ್ಕೆ ತಿರುಗಿಸಿ ಹಾಕುವಂಥದ್ದು. ಅದರ ತೋಳನ್ನು ರಿಮ್ಮಿನ ಸುತ್ತ ನಾಲ್ಕು ಕಡೆ ಹಿಡಿದು ನೋಡಿದಾಗ ಅಂತರದ ವ್ಯತ್ಯಾಸ 2 ಮಿ.ಮೀ. ಒಳಗೆ ಬರಬೇಕು. ಮೊದಲ ಅಳತೆಯಲ್ಲಿ 7 ಬಂದಿತ್ತು. ಈ ಒಂದು ಹೆಜ್ಜೆ ಬಿಟ್ಟಿದ್ದರೆ ಹೊಸ ಡಿರೇಲರ್ ಹಾಕಿದ ಮೇಲೂ ದೂರು ಮುಂದುವರಿಯುತ್ತಿತ್ತು, ತಪ್ಪು ಶಿಫ್ಟರಿನ ತಲೆಗೆ ಬರುತ್ತಿತ್ತು.

ಚಕ್ರ, ಕ್ಯಾಸೆಟ್ಟು, ಸ್ಪೇಸರ್

ಹೊಸ ಚಕ್ರದ ಫ್ರೀಹಬ್ (ಕ್ಯಾಸೆಟ್ಟು ಕೂರುವ ಭಾಗ) 11 ಸ್ಪೀಡಿನದು. ಅದು 8, 9, 10 ಸ್ಪೀಡಿನದಕ್ಕಿಂತ 1.85 ಮಿ.ಮೀ. ಉದ್ದ. ಹಾಗಾಗಿ 10 ಸ್ಪೀಡಿನ ಕ್ಯಾಸೆಟ್ಟಿನ ಹಿಂದೆ 1.85 ಸ್ಪೇಸರ್ ಬೇಕು. ಬಹಳಷ್ಟು 10 ಸ್ಪೀಡ್ ರೋಡ್ ಕ್ಯಾಸೆಟ್ಟುಗಳಿಗೆ ಅದರ ಜೊತೆ ಪೆಟ್ಟಿಗೆಯಲ್ಲೇ ಬರುವ 1 ಮಿ.ಮೀ. ಸ್ಪೇಸರ್ ಕೂಡ. ದೊಡ್ಡ ಚಕ್ರವಿರುವ ಕೆಲವು ಕ್ಯಾಸೆಟ್ಟುಗಳಿಗೆ ಆ ಒಂದು ಬೇಡ. ಪರೀಕ್ಷೆ ಸುಲಭ: ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿದ ಮೇಲೂ ಹಲ್ಲುಚಕ್ರಗಳು ಕೈಗೆ ಅಲ್ಲಾಡಿದರೆ ಸ್ಪೇಸರ್ ಕಡಿಮೆಯಾಗಿದೆ. ಲಾಕ್‌ರಿಂಗ್ ಥ್ರೆಡ್ ಹಿಡಿಯಲೇ ಇಲ್ಲವೆಂದರೆ ಹೆಚ್ಚಾಗಿದೆ.

ಹಳೆಯ 7 ಸ್ಪೀಡಿನ ಚಕ್ರವನ್ನೇ ಉಳಿಸಿಕೊಳ್ಳಬಹುದಿತ್ತೇ? 10 ಸ್ಪೀಡಿಗೆ ಆಗದು, ಆ ಫ್ರೀಹಬ್ ಗಿಡ್ಡ. 9 ಸ್ಪೀಡಿನ ಕ್ಯಾಸೆಟ್ಟಿನಿಂದ ಒಂದು ಚಕ್ರ ತೆಗೆದು ಎಂಟನ್ನು ಅದರ ಮೇಲೆ ಕೂರಿಸುವ ಉಪಾಯ ಒಂದಿದೆ. ಫ್ರೇಮ್ ಬಗ್ಗಿಸಲು ಮನಸ್ಸಿಲ್ಲದವರು ಸೋರಾ ಶಿಫ್ಟರ್ ಜೊತೆ ಅದನ್ನು ಯೋಚಿಸಬಹುದು.

ಕ್ರ್ಯಾಂಕು ಮತ್ತು ಮುಂದಿನ ಡಿರೇಲರ್

ಹಳೆಯ 52/42 ಕ್ರ್ಯಾಂಕಿನ ಬೋಲ್ಟ್ ವೃತ್ತ (ಚೈನ್‌ರಿಂಗ್ ಬೋಲ್ಟುಗಳು ಕೂರುವ ವೃತ್ತದ ವ್ಯಾಸ) 130 ಮಿ.ಮೀ.; ಅದಕ್ಕೆ 38ಕ್ಕಿಂತ ಚಿಕ್ಕ ಚೈನ್‌ರಿಂಗ್ ಹಿಡಿಸುವುದಿಲ್ಲ. ಬೆಟ್ಟಕ್ಕೆ 34 ಬೇಕೆಂದ ಮೇಲೆ ಕ್ರ್ಯಾಂಕು ಹೋಗಲೇಬೇಕು. ಇನ್ನೊಂದು ಕಾರಣವೂ ಇದೆ. 10 ಸ್ಪೀಡಿನ ಚೈನಿನ ಹೊರ ಅಗಲ 5.9 ಮಿ.ಮೀ., ಹಳೆಯದರದ್ದು 7ಕ್ಕಿಂತ ಹೆಚ್ಚು. ಆ ಕಾಲದ ರಿಂಗುಗಳ ನಡುವಿನ ಸಂದಿಯಲ್ಲಿ ತೆಳು ಚೈನು ಕೂತು ಜಾರುವ ಸಾಧ್ಯತೆ ಇರುತ್ತದೆ, ಅದೂ ನಿಂತು ತುಳಿಯುವಾಗಲೇ.

ಎಫ್‌ಸಿ-4700, 50/34 ಆಯ್ಕೆಯಾಯಿತು. ಇದರ 24 ಮಿ.ಮೀ. ಸ್ಪಿಂಡಲಿಗೆ ಹೊರಗೆ ಬೇರಿಂಗ್ ಇರುವ ಬಾಟಮ್ ಬ್ರಾಕೆಟ್ (ಕ್ರ್ಯಾಂಕು ತಿರುಗುವ ಬೇರಿಂಗ್ ಜೋಡಿ) ಬೇಕು. ಕೊಳ್ಳುವ ಮೊದಲು ಥ್ರೆಡ್ ಗುರುತಿಸಿ. ಇಂಗ್ಲಿಷ್ ಥ್ರೆಡ್ಡಿಗೆ ಶೆಲ್ (ಫ್ರೇಮಿನಲ್ಲಿ ಅದು ಕೂರುವ ಕೊಳವೆ) 68 ಮಿ.ಮೀ. ಅಗಲ, ಬಲಗಡೆಯ ಕಪ್ಪು (ಬೇರಿಂಗ್ ಹಿಡಿಯುವ ಬಟ್ಟಲು) ಉಲ್ಟಾ ಥ್ರೆಡ್ಡಿನದು. ಇಟಾಲಿಯನ್ ಆದರೆ 70 ಮಿ.ಮೀ., ಎರಡೂ ಕಡೆ ಸಾಮಾನ್ಯ ಥ್ರೆಡ್ಡು. ಇಲ್ಲಿದ್ದದ್ದು ಇಂಗ್ಲಿಷ್. ಮೂವತ್ತು ಚಿಲ್ಲರೆ ವರ್ಷ ಕೂತ ಬಲಗಡೆಯ ಕಪ್ಪು ಸುಲಭಕ್ಕೆ ಬರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಸರಿಯಾದ 36 ಮಿ.ಮೀ. ಚಪ್ಪಟೆ ಪಾನಾ ಹಿಡಿದು ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸಬೇಕು. ಪೈಪ್ ರೆಂಚ್ ಹಾಕಿದವರು ಕಪ್ಪಿನ ಅಂಚು ಉರುಟಾಗಿಸಿ ಕೊನೆಗೆ ಲೇತ್ ಅಂಗಡಿಗೆ ಹೋಗುತ್ತಾರೆ. ಶೆಲ್ಲಿನ ಎರಡೂ ಮುಖದಲ್ಲಿ ಬಣ್ಣ ಉಳಿದಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಮುಖಗಳನ್ನು ಸಪಾಟಾಗಿ ಕೊರೆಸಿ. ಹೊರ ಬೇರಿಂಗುಗಳು ಓರೆಯಾಗಿ ಕೂತರೆ ಬೇಗ ಸಾಯುತ್ತವೆ. ಥ್ರೆಡ್ಡಿಗೆ ಗ್ರೀಸು, ಕಪ್ಪಿಗೆ 35ರಿಂದ 50 ನ್ಯೂಟನ್ ಮೀಟರ್, ಎಡ ಕ್ರ್ಯಾಂಕಿನ ಪ್ಲಾಸ್ಟಿಕ್ ಕ್ಯಾಪ್ ಬೆರಳ ಬಿಗಿಗಿಂತ ಚೂರು ಹೆಚ್ಚು, ಎರಡು ಪಿಂಚ್ ಬೋಲ್ಟುಗಳಿಗೆ 12ರಿಂದ 14, ಒಂದಾದ ಮೇಲೊಂದರಂತೆ ಸರದಿಯಲ್ಲಿ.

ಮುಂದಿನ ಡಿರೇಲರ್ ಬಗ್ಗೆ ಹೇಳುವುದು ಕಡಿಮೆ: ಎಡ ಶಿಫ್ಟರ್ ಯಾವ ಸರಣಿಯೋ ಅದೂ ಅದೇ ಸರಣಿಯದಾಗಿರಲಿ. ಹಿಂದಿನ ಡಿರೇಲರಿನಂತೆ ಇಲ್ಲಿ ಗುಣಾಕಾರ ಹಾಕಿ ಜಾಣತನ ತೋರಿಸಲು ಹೋದವರು ಸಾಮಾನ್ಯವಾಗಿ ಎರಡು ಸಲ ಕೊಳ್ಳುತ್ತಾರೆ. ಸೀಟ್‌ಟ್ಯೂಬಿನ ಹೊರವ್ಯಾಸ 28.6 ಮಿ.ಮೀ., ಹಳೆ ಸ್ಟೀಲಿನ ಮಾಮೂಲಿ ಅಳತೆ, ಅದಕ್ಕೆ ತಕ್ಕ ಪಟ್ಟಿ ಬೇಕು. ಹೊರ ತಗಡು ದೊಡ್ಡ ರಿಂಗಿನ ಹಲ್ಲಿನ ಮೇಲೆ 1ರಿಂದ 3 ಮಿ.ಮೀ. ಅಂತರದಲ್ಲಿ, ರಿಂಗಿಗೆ ಸಮಾನಾಂತರವಾಗಿ ನಿಲ್ಲಬೇಕು.

ಬ್ರೇಕು: ಮರೆತುಹೋಗುವ ಹೊಂದಾಣಿಕೆ

ಗೇರಿನ ಚರ್ಚೆಯಲ್ಲಿ ಎಲ್ಲರೂ ಇದನ್ನು ಮರೆಯುತ್ತಾರೆ. ಹೊಸ ಲಿವರ್ ಒಂದು ಹಿಡಿತಕ್ಕೆ ಹಳೆಯದಕ್ಕಿಂತ ಹೆಚ್ಚು ಬ್ರೇಕ್ ಕೇಬಲ್ ಎಳೆಯುತ್ತದೆ. ಹೆಚ್ಚು ಎಳೆದರೆ ಬಲ ಕಡಿಮೆ. ಆ ಕೊರತೆಯನ್ನು ಎರಡು ತಿರುಗಣೆಯ ಹೊಸ ಡ್ಯುಯಲ್ ಪಿವಟ್ ಕ್ಯಾಲಿಪರ್ (ರಿಮ್ಮನ್ನು ಒತ್ತಿಹಿಡಿಯುವ ಭಾಗ) ತುಂಬಿಕೊಡುತ್ತದೆ, ಹಳೆಯ ಸಿಂಗಲ್ ಪಿವಟ್ ತುಂಬುವುದಿಲ್ಲ. ಮಾಲೀಕರು ಹಳೆ ಕ್ಯಾಲಿಪರನ್ನೇ ಉಳಿಸಿಕೊಂಡಿದ್ದರು: ಲಿವರ್ ಕಲ್ಲಿನ ಹಾಗೆ ಗಟ್ಟಿ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ನಂದಿಯ ತಿರುವುಗಳಲ್ಲಿ ಇಳಿಯುವ ಸೈಕಲ್ಲಿಗೆ ಇದು ಗೇರಿಗಿಂತ ದೊಡ್ಡ ದೋಷ. ಸವಾರಿ ನಿಲ್ಲಿಸಿ, ಮೊದಲು ಬ್ರೇಕ್ ಬದಲಿಸಿ ಎಂದೇ ಹೇಳಬೇಕಾಯಿತು.

ಕ್ಯಾಲಿಪರ್ ಕೊಳ್ಳುವಾಗ ಅಳೆಯಬೇಕಾದದ್ದು ರೀಚ್, ಅಂದರೆ ಬೋಲ್ಟಿನ ನಡುವಿನಿಂದ ರಿಮ್ಮಿನ ಬ್ರೇಕ್ ಮೇಲ್ಮೈ ನಡುವಿಗಿರುವ ದೂರ. ಇಲ್ಲಿ ಮುಂದೆ 44, ಹಿಂದೆ 46 ಮಿ.ಮೀ.; ಸಾಮಾನ್ಯ ರೋಡ್ ಕ್ಯಾಲಿಪರ್ ಸಾಕು, ಬಿಆರ್-4700 ಕೂತಿತು. ಅದರ ಮಿತಿ ದಾಟಿ 57ರವರೆಗೆ ಇದ್ದರೆ ಉದ್ದ ರೀಚಿನದು ಬೇಕು. ಇನ್ನೂ ಹಳೆಯ ಫ್ರೇಮುಗಳಲ್ಲಿ ಬೋಲ್ಟಿಗೆ ಹೊರಗಡೆಯಿಂದ ನಟ್ಟು ಹಾಕುವ ಪದ್ಧತಿ. ಈಗಿನ ಒಳನಟ್ಟಿಗಾಗಿ ಫೋರ್ಕಿನ ಹಿಂದಿನ ರಂಧ್ರವನ್ನು 8 ಮಿ.ಮೀ.ಗೆ ದೊಡ್ಡದು ಮಾಡಬೇಕಾಗುತ್ತದೆ. ಈ ಫ್ರೇಮಿಗೆ ಆ ಕೆಲಸ ಬರಲಿಲ್ಲ.

ಕೇಬಲ್ ಓಡಿಸುವುದು, ಟ್ಯೂನಿಂಗ್

ಡೌನ್‌ಟ್ಯೂಬಿನ ಹಳೆ ಲಿವರ್ ಬಿಚ್ಚಿದ ಬುಗುಟಿನ ಮೇಲೆ ಬ್ಯಾರಲ್ ಅಡ್ಜಸ್ಟರ್ ಇರುವ ಕೇಬಲ್ ಸ್ಟಾಪ್ ಕೂರುತ್ತದೆ. ಇದನ್ನು ಮರೆತು ಉಳಿದೆಲ್ಲ ತರಿಸಿಕೊಂಡವರ ಸೈಕಲ್ ವಾರಗಟ್ಟಲೆ ಸ್ಟ್ಯಾಂಡಿನಲ್ಲೇ ನಿಲ್ಲುತ್ತದೆ. ಬಾಟಮ್ ಬ್ರಾಕೆಟ್ ಅಡಿಯ ಪ್ಲಾಸ್ಟಿಕ್ ಗೈಡ್ ಸವೆದು ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ.

ಗೇರಿಗೆ 1.2 ಮಿ.ಮೀ. ಒಳ ಕೇಬಲ್, 4 ಮಿ.ಮೀ. ಗೇರ್ ಹೌಸಿಂಗು (ಕೇಬಲ್ಲಿನ ಹೊರ ಕವಚ), ಬ್ರೇಕಿಗೆ 1.6 ಕೇಬಲ್, 5 ಮಿ.ಮೀ. ಬ್ರೇಕ್ ಹೌಸಿಂಗು. ಬ್ರೇಕ್ ಹೌಸಿಂಗನ್ನು ಗೇರಿಗೆ ಹಾಕಿದರೆ ಅದು ಅದುಮಿಕೊಂಡು ಇಂಡೆಕ್ಸ್ ಕೆಡುತ್ತದೆ. ಗೇರ್ ಹೌಸಿಂಗನ್ನು ಬ್ರೇಕಿಗೆ ಹಾಕಿದರೆ ಉದ್ದುದ್ದದ ತಂತಿಗಳು ಸೀಳಿ ಬ್ರೇಕೇ ಹೋಗಬಹುದು. 4700ರ ಗೇರ್ ಕೇಬಲ್ ಹ್ಯಾಂಡಲ್ ಟೇಪಿನ ಅಡಿಯಲ್ಲಿ ಹೋಗುವುದರಿಂದ ಟೇಪು ಸುತ್ತುವ ಮೊದಲೇ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಹೌಸಿಂಗ್ ಎಳೆಯುತ್ತದೆಯೇ ನೋಡಿಕೊಳ್ಳಬೇಕು. ಕೊಯ್ದ ತುದಿಯನ್ನು ಅರದಿಂದ ಸಪಾಟು ಮಾಡಿ, ಮುಚ್ಚಿಹೋದ ಒಳಗಿನ ಪ್ಲಾಸ್ಟಿಕ್ ನಾಳವನ್ನು ಮೊಳೆಯಿಂದ ಬಿಡಿಸಿ.

ಚೈನಿನ ಉದ್ದಕ್ಕೆ: ದೊಡ್ಡ ರಿಂಗು, ದೊಡ್ಡ ಹಲ್ಲುಚಕ್ರ ಎರಡರ ಮೇಲೂ ಡಿರೇಲರ್ ಬಿಟ್ಟು ನೇರ ಸುತ್ತಿಸಿ, ಕೂಡುವ ಜಾಗಕ್ಕೆ ಒಂದು ಜೋಡಿ ಕೊಂಡಿ, ಅಂದರೆ ಒಂದು ಇಂಚು, ಸೇರಿಸಿ. ಚೈನ್‌ಸ್ಟೇ 41 ಸೆಂ.ಮೀ. ಇರುವ ಈ ಸೈಕಲ್ಲಿಗೆ 108 ಕೊಂಡಿ ಬಂತು. ಗಿಡ್ಡ ಮಾಡಿದರೆ ಯಾವತ್ತಾದರೂ ತಪ್ಪಿ 50/32ಕ್ಕೆ ಹಾಕಿದಾಗ ಡಿರೇಲರ್ ಕಿತ್ತು ಬರುತ್ತದೆ.

ಟ್ಯೂನಿಂಗಿನಲ್ಲಿ ಕೇಬಲ್ ಕಟ್ಟುವ ಮುನ್ನ ಲಿಮಿಟ್ ಸ್ಕ್ರೂಗಳು. ಹೊರಗಿನದನ್ನು ಮೇಲಿನ ಪುಲ್ಲಿ 11 ಹಲ್ಲಿನ ಚಕ್ರದ ನೇರ ಕೆಳಗೆ ಬರುವಂತೆ, ಒಳಗಿನದನ್ನು 32ರ ನೇರಕ್ಕೆ. ಕೈಯಿಂದ ಒತ್ತಿದರೂ ಡಿರೇಲರ್ ಸ್ಪೋಕಿನ ಕಡೆ ಹೋಗಬಾರದು. ಲಿವರನ್ನು ಕೊನೆಯವರೆಗೆ ಸಡಿಲಿಸಿ, ಕೇಬಲ್ ಎಳೆದು 6–7 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಒಂದು ಕ್ಲಿಕ್ಕು: ಚೈನು ಎರಡನೆಯದಕ್ಕೆ ಹತ್ತದಿದ್ದರೆ ಅಡ್ಜಸ್ಟರನ್ನು ಕಾಲು ಸುತ್ತಿನಂತೆ ಹೊರಕ್ಕೆ. ಎರಡನೆಯದರಲ್ಲಿ ಓಡುತ್ತ ಮೂರನೆಯದಕ್ಕೆ ತಾಗುವ ಪಿಸುಸದ್ದು ಬರುವಷ್ಟು ಬಿಗಿಸಿ, ಸದ್ದು ನಿಲ್ಲುವಷ್ಟು ಮಾತ್ರ ಹಿಂದಕ್ಕೆ ತನ್ನಿ. ಪುಲ್ಲಿ ಹಲ್ಲುಚಕ್ರದಿಂದ ಎಷ್ಟು ದೂರ ಇರಬೇಕೆಂದು ಹೊಂದಿಸುವ ಬಿ ಸ್ಕ್ರೂ ಕೊನೆಗೆ, ಚೈನು ಚಿಕ್ಕ ರಿಂಗು ಮತ್ತು 32ರ ಮೇಲಿರುವಾಗ: ಪುಲ್ಲಿ ಹಲ್ಲಿಗೆ ತಾಗದಷ್ಟು ಮಾತ್ರ ದೂರ. ಹೆಚ್ಚು ದೂರ ಇಟ್ಟರೆ ಗೇರ್ ಸೋಮಾರಿಯಾಗುತ್ತದೆ.

ಹೊಸ ಡಿರೇಲರಿನಲ್ಲಿ 2.8ನ್ನು 1.4ರಿಂದ ಗುಣಿಸಿದರೆ 3.92. ಬೇಕಾದದ್ದು 3.95. ಒಂಬತ್ತು ಕ್ಲಿಕ್ಕೂ ಒಂಬತ್ತು ಚಕ್ರಕ್ಕೆ ಹೋದವು, ಇಳಿದವು.

ಎರಡು ಸಣ್ಣ ಕೊರತೆ ಉಳಿದವು. ಮೊದಲ ಕೆಲವು ಸವಾರಿಗಳಲ್ಲಿ ಹೌಸಿಂಗ್ ತುದಿಗಳು ಕೂತು ಕೇಬಲ್ ಸಡಿಲಾಯಿತು. ಡೌನ್‌ಟ್ಯೂಬಿನ ಅಡ್ಜಸ್ಟರನ್ನು ಅರ್ಧ ಸುತ್ತು ತಿರುಗಿಸಿದ ಮೇಲೆ ಸರಿಹೋಯಿತು. ಇನ್ನೊಂದು, 34/11ರಲ್ಲಿ ಚೈನು ದೊಡ್ಡ ರಿಂಗಿನ ಒಳಮೈಗೆ ಸವರುತ್ತದೆ. ಗಿಡ್ಡ ಚೈನ್‌ಸ್ಟೇ, ತೀರ ಓರೆ ಚೈನು. ಮುಂದಿನ ಡಿರೇಲರನ್ನು ಚೂರೇ ಸರಿಸುವ ಟ್ರಿಮ್ ಕ್ಲಿಕ್ಕಿನಿಂದಲೂ ಹೋಗುವ ಸದ್ದಲ್ಲ. 50/16 ಹೆಚ್ಚುಕಡಿಮೆ ಅದೇ ವೇಗ ಕೊಡುವುದರಿಂದ 34/11 ಬಳಸುವ ಅಗತ್ಯವೇ ಇಲ್ಲವೆಂದು ಮಾಲೀಕರಿಗೆ ತಿಳಿಸಿ ಸೈಕಲ್ ಸ್ಟ್ಯಾಂಡಿನಿಂದ ಇಳಿಸಲಾಯಿತು.